ಸಾಕೆಟ್ ಸೆಟ್ ತಗೊಳ್ಳುವ ಮುಂಚೆ ಒಳಗಿನ ಮೂಲೆ ಎಣಿಸಿ

ಸಾಕೆಟ್ ಅಂದರೆ ನಟ್ಟು, ಬೋಲ್ಟಿನ ತಲೆಗೆ ಕೂರಿಸಿ ತಿರುಗಿಸುವ ಬಟ್ಟಲು. ನನ್ನದು ಅರ್ಧ ಇಂಚಿನ ಡ್ರೈವ್ (ಹಿಡಿಕೆ ಸಿಕ್ಕಿಸುವ ಚೌಕದ ಅಳತೆ), 24 ತುಂಡಿನ ಸೆಟ್, 10ರಿಂದ 32 ಎಂ.ಎಂ. ತನಕದ ಸಾಕೆಟ್‌ಗಳು. ಆನ್‌ಲೈನ್‌ನಲ್ಲಿ ತರಿಸಿಕೊಂಡು ಕೆಲವು ಮಳೆಗಾಲ ಕಳೆದಿವೆ. ಇದೇ ಸೆಟ್ಟು ಇಂಥದೇ ಪೆಟ್ಟಿಗೆಯಲ್ಲಿ ನಾಲ್ಕಾರು ಹೆಸರಿನಲ್ಲಿ ಸಿಗುತ್ತದೆ, ಹಾಗಾಗಿ ಕಂಪನಿಯ ಹೆಸರು ಬರೆಯುವುದಿಲ್ಲ.

ಕೊಟ್ಟ ದುಡ್ಡು ಎಂದೋ ಹುಟ್ಟಿದೆ. ಅದರಲ್ಲಿ ಎರಡು ಮಾತಿಲ್ಲ. ಆದರೆ ಹೊಸದಾಗಿ ತಗೊಳ್ಳುವವರಿಗೆ ಇದನ್ನೇ ತಗೊಳ್ಳಿ ಅನ್ನುವುದಿಲ್ಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯಿಂದ ಒಳಗೆ. ಟಾರು ಬಿಟ್ಟ ಮೇಲೆ ಕೆಮ್ಮಣ್ಣಿನ ದಾರಿ, ನಡುವೆ ಒಂದು ಹಳ್ಳ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಅದರಲ್ಲಿ ನಮಗೂ ಪಾಲುಂಟು. ಕಾರು ಹಳೆಯ ಮಾರುತಿ, ಪೆಟ್ರೋಲ್. ಮಣಿಪಾಲದ ಆಸ್ಪತ್ರೆಗೆ ಹೋಗಬೇಕೆಂದರೆ ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವು ಇಳಿಯಬೇಕು. ಅಪ್ಪಯ್ಯನನ್ನು ಕೂರಿಸಿಕೊಂಡು ಆ ಘಾಟಿ ಇಳಿಯುವಾಗ, ಬ್ರೇಕು ಸರಿ ಇರಬಹುದು ಅನ್ನುವ ಅಂದಾಜು ಸಾಕಾಗುವುದಿಲ್ಲ. ಸರಿ ಇದೆ ಅಂತ ಗೊತ್ತಿರಬೇಕು.

ಸ್ವಂತ ಕೈಯಲ್ಲಿ ಕಾರು ನೋಡಿಕೊಂಡರೆ ಎಷ್ಟು ಉಳಿಯುತ್ತದೆ ಅಂತ ನೆಂಟರೆಲ್ಲ ಕೇಳುತ್ತಾರೆ. ಆಯಿಲ್ ಬದಲಾಯಿಸುವುದರಲ್ಲಿ ಅಷ್ಟೇನೂ ಉಳಿಯುವುದಿಲ್ಲ. ಆಯಿಲ್‌ಗೆ, ಫಿಲ್ಟರ್‌ಗೆ ಹೇಗೂ ದುಡ್ಡು ಕೊಡಬೇಕು, ಉಳಿಯುವುದು ಲೇಬರ್ ಮಾತ್ರ. ಏರ್ ಫಿಲ್ಟರ್, ವೈಪರ್, ಬ್ಯಾಟರಿ ಟರ್ಮಿನಲ್ ಇವಕ್ಕೆಲ್ಲ ಸೆಟ್ಟೇ ಬೇಕಾಗಿಲ್ಲ. ದೊಡ್ಡ ಉಳಿತಾಯ ಇರುವುದು ಬಿಚ್ಚಿ ನೋಡುವುದರಲ್ಲಿ. ಗ್ಯಾರೇಜಿನಲ್ಲಿ ಹಿಂದಿನ ಬ್ರೇಕ್ ಡ್ರಮ್ ಬಿಚ್ಚಿಸಿದರೆ, ಒಳಗೆ ಎಲ್ಲ ಸರಿ ಇದ್ದರೂ ಬಿಚ್ಚಿದ್ದಕ್ಕೆ ದುಡ್ಡು ಕೊಡಬೇಕು. ಅದಕ್ಕೇ ಯಾರೂ ಸುಮ್ನೆ ಬಿಚ್ಚಿಸುವುದಿಲ್ಲ. ಸದ್ದು ಬರುವ ತನಕ ಕಾಯುತ್ತಾರೆ. ಸದ್ದು ಬರುವಷ್ಟರಲ್ಲಿ, ಡ್ರಮ್ಮಿಗೆ ಒತ್ತುವ ಬ್ರೇಕ್ ಶೂ ಮೇಲಿನ ಲೈನಿಂಗ್ ಸವೆದು ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ, ಡ್ರಮ್ಮಿಗೂ ಗೀರು ಬಿದ್ದಿರುತ್ತದೆ. ಬರೀ ಬ್ರೇಕ್ ಶೂ ಹಾಕಿದರೆ ಮುಗಿಯುವ ಕೆಲಸಕ್ಕೆ ಡ್ರಮ್ಮೂ ಸೇರಿಕೊಳ್ಳುತ್ತದೆ. ಮನೆಯಲ್ಲಿ ಸೆಟ್ ಇದ್ದರೆ ನೋಡುವುದಕ್ಕೆ ಕಾಸು ಖರ್ಚಿಲ್ಲ. ಅನುಮಾನ ಬಂದ ದಿನವೇ ಬಿಚ್ಚಬಹುದು.

ನಾನು ವರ್ಷಕ್ಕೆ ಎರಡು ಸಲ ಬಿಚ್ಚುತ್ತೇನೆ. ಮೃಗಶಿರ ಮಳೆ ಶುರುವಾಗುವ ಮುಂಚೆ ಒಂದು ಸಲ, ಮಳೆಗಾಲ ಮುಗಿದು ಅಡಿಕೆ ಕೊಯ್ಲು ಶುರುವಾಗುವ ಮುಂಚೆ ಇನ್ನೊಂದು ಸಲ. ಆ ಬೆಳಿಗ್ಗೆ ನನಗೆ ತುಂಬ ಇಷ್ಟ. ತಿಂಡಿ ಮುಗಿಸಿ ಅಂಗಳಕ್ಕೆ ಹಳೆಯ ಗೋಣಿಚೀಲ ಹಾಸುತ್ತೇನೆ. ಡ್ರಮ್ ತೆಗೆಯಬೇಕಾದರೆ ಹ್ಯಾಂಡ್‌ಬ್ರೇಕ್ ಬಿಟ್ಟಿರಬೇಕು, ಆದ್ದರಿಂದ ಕಾರನ್ನು ಮೊದಲ ಗೇರಿನಲ್ಲಿ ನಿಲ್ಲಿಸಿ ಮುಂದಿನ ಚಕ್ರಗಳಿಗೆ ಎರಡೂ ಕಡೆ ಮರದ ತುಂಡು ಕೊಡುತ್ತೇನೆ. ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲ ಮಾಡಿಕೊಳ್ಳಬೇಕು. ಎತ್ತಿದ ಮೇಲೆ ಚಕ್ರ ತಿರುಗುತ್ತದೆ, ಬಲ ಹಾಕಲು ಬರುವುದಿಲ್ಲ. ಆಮೇಲೆ ಜಾಕ್, ಅದರ ಹಿಂದೆಯೇ ಎತ್ತಿದ ಕಾರನ್ನು ಹೊತ್ತು ನಿಲ್ಲುವ ಸ್ಟ್ಯಾಂಡ್. ನಮ್ಮ ಅಂಗಳದ ಮಣ್ಣು ಮೆತ್ತಗೆ, ಸ್ಟ್ಯಾಂಡಿನ ಕಾಲು ಹೂತುಹೋಗುತ್ತದೆ. ಅಗಲದ ಹಲಗೆ ಇಟ್ಟು ಅದರ ಮೇಲೆಯೇ ನಿಲ್ಲಿಸಬೇಕು. ಸ್ಟ್ಯಾಂಡಿನ ಬದಲು ಜಂಬಿಟ್ಟಿಗೆ ಕಲ್ಲು ಒಟ್ಟುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ನೀರು ಕುಡಿದ ಜಂಬಿಟ್ಟಿಗೆ ಯಾವಾಗ ಉದುರುತ್ತದೆ ಅಂತ ಹೇಳಲು ಬರುವುದಿಲ್ಲ. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಕೈಯನ್ನೂ ಹಾಕಬಾರದು.

ಡ್ರಮ್ಮಿನ ನಡುವಿನ ಟೊಪ್ಪಿ ತೆಗೆದರೆ ದೊಡ್ಡ ನಟ್ಟು. ಇಲ್ಲಿ ಈ ಸೆಟ್ಟಿನ ಅಡ್ಡ ಸರಳು ಜಾರುವ ಟಿ-ಹ್ಯಾಂಡಲ್ ನಿಜಕ್ಕೂ ಚಿನ್ನ. ಕಾರಿನ ಜತೆ ಬಂದ ಪಾನಾದಲ್ಲಿ ಇದು ಅಲ್ಲಾಡುವುದೂ ಇಲ್ಲ. ಹ್ಯಾಂಡಲ್ಲನ್ನು ಒಂದೇ ಕಡೆಗೆ ಪೂರ್ತಿ ಎಳೆದುಕೊಂಡು ಮೈಭಾರ ಬಿಟ್ಟರೆ ಕಿರ್ ಅಂತ ಒಮ್ಮೆ ಬಿಡುತ್ತದೆ. ಡ್ರಮ್ ಈಚೆ ಬಂದಾಗ ಒಳಗೆ ಕಾಣುವುದು ಬ್ರೇಕಿನ ಕಪ್ಪು ಪುಡಿ, ಹಳ್ಳದ ಕೆಮ್ಮಣ್ಣು ಎರಡೂ ಕಲೆತು ಗಟ್ಟಿಯಾದ ಮಸಿಬಣ್ಣದ ಲೇಪ. ಇದನ್ನು ಬಾಯಿಂದಾಗಲಿ ಗಾಳಿಯಿಂದಾಗಲಿ ಊದಬೇಡಿ, ಆ ಪುಡಿ ಎದೆಗೆ ಒಳ್ಳೆಯದಲ್ಲ. ನಾನು ಬ್ರೇಕ್ ಕ್ಲೀನರ್ ಹೊಡೆದು ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ. ಶೂ ಎಷ್ಟು ಉಳಿದಿದೆ, ಸಿಲಿಂಡರಿನ ರಬ್ಬರಿನ ಹತ್ತಿರ ಪಸೆ ಇದೆಯಾ ಅಂತ ನೋಡಿ, ಬ್ಯಾಕ್‌ಪ್ಲೇಟಿನಲ್ಲಿ ಶೂ ಜಾರುವ ಜಾಗಕ್ಕೆ ಉಗುರಿನ ತುದಿಯಷ್ಟು ಗ್ರೀಸ್ ಸವರಿ ಮುಚ್ಚುತ್ತೇನೆ. ಗ್ರೀಸು ಲೈನಿಂಗಿಗೆ ತಾಗಬಾರದು.

ಮಳೆಗಾಲದಲ್ಲಿ ನಮ್ಮ ಕಡೆ ಎಲ್ಲರ ದೂರು ಒಂದೇ, ಹ್ಯಾಂಡ್‌ಬ್ರೇಕ್ ಹಿಡಿದುಕೊಂಡಿತು ಅಂತ. ಹಳ್ಳ ದಾಟಿ ಬಂದ ಕಾರನ್ನು ಹ್ಯಾಂಡ್‌ಬ್ರೇಕ್ ಎಳೆದು ಎರಡು ದಿನ ಬಿಟ್ಟರೆ ಒದ್ದೆ ಶೂ ಡ್ರಮ್ಮಿಗೆ ತುಕ್ಕಿನಲ್ಲಿ ಕಚ್ಚಿಕೊಳ್ಳುತ್ತದೆ. ಆರಿದ್ರ ಹಿಡಿದ ಮೇಲೆ ನಾನು ಮನೆಯಲ್ಲಿ ಹ್ಯಾಂಡ್‌ಬ್ರೇಕ್ ಮುಟ್ಟುವುದೇ ಇಲ್ಲ. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಮರದ ತುಂಡು ಕೊಟ್ಟರೆ ಸಾಕು.

ಇಲ್ಲಿಯವರೆಗೆ ಸೆಟ್ಟಿನ ಮೇಲೆ ನನಗೆ ಒಂದೇ ಒಂದು ದೂರಿರಲಿಲ್ಲ. ಬಂದಿದ್ದು ಹಿಂದಿನ ಶಾಕ್ ಅಬ್ಸಾರ್ಬರ್ ಬದಲಾಯಿಸಲು ಹೊರಟ ದಿನ.

ಕೆಳಗಿನ ಬೋಲ್ಟು ತುಕ್ಕು ಹಿಡಿದಿತ್ತು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಇಟ್ಟಿದ್ದೆ. ಅಳತೆ ಸರಿಯಾದ ಸಾಕೆಟ್ಟನ್ನೇ ಪೂರ್ತಿ ಒಳಗೆ ಕೂರಿಸಿ, ನೇರವಾಗಿ ಹಿಡಿದು ಎಳೆದೆ. ಬೋಲ್ಟು ತಿರುಗಲಿಲ್ಲ, ಸಾಕೆಟ್ ಟಕ್ಕಂತ ಜಾರಿತು. ಬೆರಳಿನ ಗಿಣ್ಣು ಚಾಸಿಗೆ ಬಡಿದು ಚರ್ಮ ಹೋಯಿತು. ಇನ್ನೊಂದು ಸಲ ಎಳೆದೆ, ಇನ್ನೂ ಸಲೀಸಾಗಿ ಜಾರಿತು. ತೆಗೆದು ನೋಡಿದರೆ ಬೋಲ್ಟಿನ ತಲೆಯ ಮೂಲೆಗಳೆಲ್ಲ ಉರುಟಾಗಿದ್ದವು.

ಆಗ ಸಾಕೆಟ್ಟನ್ನು ಬೆಳಕಿಗೆ ಹಿಡಿದು ಒಳಗೆ ನೋಡಿದೆ. ಅದಕ್ಕಿರುವುದು ಹನ್ನೆರಡು ಮೂಲೆ. ಬೋಲ್ಟಿಗಿರುವುದು ಆರು. ಹನ್ನೆರಡು ಮೂಲೆಯದರಲ್ಲಿ ಒಂದು ಅನುಕೂಲ ಉಂಟು. 30 ಡಿಗ್ರಿಗೊಮ್ಮೆ ಕೂರುತ್ತದೆ, ಇಕ್ಕಟ್ಟಿನ ಜಾಗದಲ್ಲಿ ಬೇಗ ಸಿಕ್ಕಿಸಬಹುದು. ಆರು ಮೂಲೆಯದು 60 ಡಿಗ್ರಿಗೊಮ್ಮೆ. ಆದರೆ ಹನ್ನೆರಡು ಮೂಲೆಯದು ಬೋಲ್ಟನ್ನು ಹಿಡಿಯುವುದು ಮೂಲೆಯ ತುದಿಯ ಹತ್ತಿರ ಮಾತ್ರ. ಆರು ಮೂಲೆಯದು ಚಪ್ಪಟೆ ಮೈಯ ಮೇಲೆ ಜಾಸ್ತಿ ಜಾಗದಲ್ಲಿ ಒತ್ತುತ್ತದೆ. ಬೋಲ್ಟು ಹೊಸದಾಗಿದ್ದರೆ ಎರಡಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ತುಕ್ಕು ತಿಂದು ಮೂಲೆ ಸಣ್ಣಗಾದ ಬೋಲ್ಟಿನ ಮೇಲೆ ಹನ್ನೆರಡು ಮೂಲೆಯದಕ್ಕೆ ಹಿಡಿಯಲು ಏನೂ ಇರುವುದಿಲ್ಲ. ನಮ್ಮ ಕಡೆಯ ಕಾರುಗಳ ಅಡಿಯಲ್ಲಿ ಇರುವುದು ಇಂಥ ಬೋಲ್ಟುಗಳೇ. ಇಷ್ಟು ಮುಖ್ಯವಾದ ವಿಷಯವನ್ನು ಪೆಟ್ಟಿಗೆಯ ಮೇಲೆ ಎಲ್ಲೂ ಬರೆದಿರಲಿಲ್ಲ. ಕ್ರೋಮ್ ವೆನೇಡಿಯಂ ಅನ್ನುವ ಉಕ್ಕಿನ ಹೆಸರು ಮಾತ್ರ ದೊಡ್ಡ ಅಕ್ಷರದಲ್ಲಿತ್ತು. ನನಗೆ ಇವತ್ತಿಗೂ ಸಿಟ್ಟಿರುವುದು ಅದಕ್ಕೇ.

ಪೇಟೆಯ ಮೆಕ್ಯಾನಿಕ್ ಸಂಜೆ ಮನೆಗೇ ಬಂದರು. ಕಪ್ಪು ಬಣ್ಣದ ಆರು ಮೂಲೆಯ ಸಾಕೆಟ್, ಒಂದು ಅಳತೆ ಸಣ್ಣದು. ಅದನ್ನು ಸುತ್ತಿಗೆಯಿಂದ ಬಡಿದು ಬೋಲ್ಟಿನ ಮೇಲೆ ಕೂರಿಸಿ, ಉದ್ದದ ಹ್ಯಾಂಡಲ್ ಹಾಕಿ ಬಿಚ್ಚಿದರು. ‘ನಿಮ್ಮ ಸೆಟ್ಟು ಬಯಲುಸೀಮೆಗೆ ಸರಿ ಮಾರಾಯ್ರೆ. ನಮ್ಮೂರಿನ ತುಕ್ಕಿಗೆ ಆರು ಮೂಲೆಯದೇ ಬೇಕು’ ಅಂದರು. ಹೊಸ ಬೋಲ್ಟಿನ ಥ್ರೆಡ್ಡಿಗೆ ತೆಳ್ಳಗೆ ಗ್ರೀಸ್ ಸವರಿ ಹಾಕಿ, ಮುಂದಿನ ಸಲ ಸುಲಭ ಆಗ್ತದೆ ಅಂತ ಹೇಳಿ ಹೋದರು.

ಅವತ್ತಿನಿಂದ ಈ ಸೆಟ್ಟನ್ನು, ಬ್ರೇಕ್ ಆಯಿಲ್ ಹೊರಗೆ ಬಿಡಲು ಚಕ್ರದ ಹತ್ತಿರ ಇರುವ ಬ್ಲೀಡರ್ ನಿಪ್ಪಲ್‌ಗೆ ತಾಗಿಸಿಲ್ಲ. ನಿಪ್ಪಲ್ಲಿನ ತಲೆ ಉರುಟಾದರೆ ಚಕ್ರದ ಸಿಲಿಂಡರನ್ನೇ ಬದಲಾಯಿಸುವ ಪರಿಸ್ಥಿತಿ ಬರಬಹುದು. ನಮ್ಮ ಕಡೆ ಬ್ರೇಕ್ ಆಯಿಲ್ ಬದಲಿಸದೇ ಬಿಡುವ ಹಾಗೂ ಇಲ್ಲ. ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಯದು ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯುವುದಿಲ್ಲ. ತೇವ ಹೀರಿದ ಮೇಲೆ ಆ ಮಟ್ಟ 140ಕ್ಕೆ ಇಳಿಯುತ್ತದೆ. ಘಾಟಿಯಲ್ಲಿ ಎರಡನೇ ಗೇರಿಗೆ ಹಾಕದೆ ಬರೀ ಬ್ರೇಕ್ ಒತ್ತಿಕೊಂಡು ಇಳಿದರೆ ಆಯಿಲ್ ಕುದಿದು ಗುಳ್ಳೆ ಕಟ್ಟಬಹುದು, ಆಗ ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸುವುದನ್ನು ನಾನು ತಪ್ಪಿಸುವುದಿಲ್ಲ. ಅದಕ್ಕೆಂದೇ ಒಳ್ಳೆಯ ರಿಂಗ್ ಸ್ಪ್ಯಾನರ್ ಬೇರೆ ಇಟ್ಟಿದ್ದೇನೆ, ಅದೂ ಆರು ಮೂಲೆಯದು. ಈ ಆಯಿಲ್ ಪೇಂಟಿನ ಮೇಲೆ ಬಿದ್ದರೆ ಕೂಡಲೇ ನೀರು ಹೊಯ್ಯಿರಿ, ಪೇಂಟ್ ಎದ್ದುಬರುತ್ತದೆ.

ಸೆಟ್ಟಿನ ಉಳಿದ ಗುಣದೋಷ ಸಣ್ಣವು. ಹಿಂದೆಮುಂದೆ ಆಡಿಸಿಯೇ ನಟ್ಟು ತಿರುಗಿಸುವ ಹಿಡಿಕೆಯಾದ ರ‍್ಯಾಚೆಟ್ಟಿಗೆ 24 ಹಲ್ಲು, ಅಂದರೆ ಪ್ರತಿ ಸಲ ಕನಿಷ್ಠ 15 ಡಿಗ್ರಿ ಆಡಿಸಬೇಕು. ಎಂಜಿನ್ನಿನ ಹಿಂಭಾಗದಲ್ಲಿ ಅಷ್ಟು ಜಾಗ ಸಿಗುವುದಿಲ್ಲ. 72 ಹಲ್ಲಿನದಕ್ಕೆ 5 ಡಿಗ್ರಿ ಸಾಕು. ಮಳೆಗಾಲದಲ್ಲಿ ರ‍್ಯಾಚೆಟ್ ಒಳಗೆ ಪಸೆ ಸೇರಿ ಅಂಟಿಕೊಳ್ಳುತ್ತಿತ್ತು. ಸ್ಕ್ರೂ ಬಿಚ್ಚಿ ತೊಳೆದು ತೆಳು ಎಣ್ಣೆ ಹಾಕಿದ ಮೇಲೆ ಸರಿಹೋಯಿತು. ಆಷಾಢದಲ್ಲಿ ಪೆಟ್ಟಿಗೆಯನ್ನು ಗ್ಯಾರೇಜಿನ ಶೆಡ್ಡಿನಲ್ಲಿ ಇಡಬೇಡಿ, ಸಾಕೆಟ್ಟಿನ ಒಳಮೈಗೆ ಕೆಂಪು ಹತ್ತುತ್ತದೆ. ನಮ್ಮನೆಯಲ್ಲಿ ಅದು ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಬೆಚ್ಚಗಿರುತ್ತದೆ. ‘ಹಪ್ಪಳದ ಡಬ್ಬಿ ಪಕ್ಕ ಎಂತಕ್ಕೆ ಇದು?’ ಅಂತ ಅಮ್ಮ ಮೊದಲು ಕೇಳಿದ್ದರು. ಈಗ ಮಳೆ ಶುರುವಾದರೆ ಅವರೇ ನೆನಪು ಮಾಡುತ್ತಾರೆ.

ಸಿಟ್ಟಿದ್ದರೂ ಸೆಟ್ಟನ್ನು ಮಾರುವ ಯೋಚನೆ ಇಲ್ಲ. ಎಕ್ಸ್‌ಟೆನ್ಶನ್, ಟಿ-ಹ್ಯಾಂಡಲ್ ಎರಡೂ ಇನ್ನೂ ಹೊಸದರಂತಿವೆ. ನಟ್ಟು ಚೆನ್ನಾಗಿದ್ದ ಕಡೆ ಸಾಕೆಟ್‌ಗಳೂ ಕೆಲಸಕ್ಕೆ ಬರುತ್ತವೆ. ನನ್ನ ಬಜೆಟ್ಟಿಗೆ ಇನ್ನೊಂದು ಪೂರ್ತಿ ಸೆಟ್ ಆಗುವಂಥದ್ದಲ್ಲ. ಶಿವಮೊಗ್ಗಕ್ಕೆ ಹೋದಾಗೆಲ್ಲ ಆರು ಮೂಲೆಯ ಬಿಡಿ ಸಾಕೆಟ್ ಒಂದೊಂದೇ ತಂದೆ. ಹಳೆಯ ಮಾರುತಿಗೆ 10, 12, 14, 17, 19 ಇದ್ದರೆ ಬಹುಪಾಲು ಕೆಲಸ ಆಗುತ್ತದೆ. ಜತೆಗೆ ಒಂದು 8 ಬೇಕು, ಅದು ಈ ಸೆಟ್ಟಿನಲ್ಲಿ ಇಲ್ಲವೇ ಇಲ್ಲ. 27, 30, 32 ನನಗೆ ಒಮ್ಮೆಯೂ ಬೇಕಾಗಿಲ್ಲ. ಹೊಸದಾಗಿ ಶುರುಮಾಡುವವರು ಈ ಆರು ಸಾಕೆಟ್, 72 ಹಲ್ಲಿನ ರ‍್ಯಾಚೆಟ್, ಒಂದು ಎಕ್ಸ್‌ಟೆನ್ಶನ್, ಒಂದು ಉದ್ದ ಹ್ಯಾಂಡಲ್ ಬಿಡಿಯಾಗಿ ತಗೊಳ್ಳಿ. ತುಂಡು ಕಮ್ಮಿ, ಬೆಲೆ ಸ್ವಲ್ಪ ಜಾಸ್ತಿ ಆಗಬಹುದು. ಆದರೂ ಅದೇ ಸರಿ. ಉಳಿದ ದುಡ್ಡಿನಲ್ಲಿ ಮೊದಲು ಜಾಕ್ ಸ್ಟ್ಯಾಂಡ್ ಕೊಳ್ಳಿ.

ಎಸಿ ಗ್ಯಾಸ್, ವೀಲ್ ಅಲೈನ್‌ಮೆಂಟ್, ಕ್ಲಚ್ ಕೆಲಸಕ್ಕೆ ನಾನು ಈಗಲೂ ಅದೇ ಮೆಕ್ಯಾನಿಕ್ ಹತ್ತಿರ ಹೋಗುತ್ತೇನೆ. ಹಳೆಯ ಆಯಿಲನ್ನೂ ಕ್ಯಾನಿನಲ್ಲಿ ತುಂಬಿ ಅವರ ಪೀಪಾಯಿಗೇ ಕೊಡುತ್ತೇನೆ. ತೋಟದ ಬದಿಗೆ ಚೆಲ್ಲಿದರೆ ಅದು ಬಾವಿಯ ನೀರಿಗೇ ಬರುವುದು. ಈ ಸಲ ಅಡಿಕೆ ದುಡ್ಡು ಬಂದ ಮೇಲೆ, ಎಷ್ಟು ಬಲದಲ್ಲಿ ಬಿಗಿಯಾಗಿದೆ ಅಂತ ತೋರಿಸುವ ಟಾರ್ಕ್ ರೆಂಚ್ ತರಬೇಕು. ನಮ್ಮ ಕಾರಿನ ಪುಸ್ತಕದಲ್ಲಿ ಚಕ್ರದ ನಟ್ಟಿಗೆ 85 ನ್ಯೂಟನ್ ಮೀಟರ್ ಅಂತ ಕೊಟ್ಟಿದ್ದಾರೆ. ಸದ್ಯ ಬಿಗಿ ಮಾಡಿದ ಮೇಲೆ ಪೇಟೆಗೆ ಹೋದಾಗ ಅವರ ರೆಂಚಿನಲ್ಲೇ ಒಮ್ಮೆ ನೋಡಿಸಿಕೊಂಡು ಬರುತ್ತಿದ್ದೇನೆ.