ವಿಧಾನಸಭೆಯೋ, ವಿಧಾನ ಪರಿಷತ್ತೋ?

ಕರ್ನಾಟಕದಲ್ಲಿ ಶಾಸಕರಾಗಲು ಎರಡು ದಾರಿಗಳಿವೆ. ವಿಧಾನಸಭೆಗೆ 25 ವರ್ಷ ತುಂಬಿದ್ದರೆ ಸಾಕು. ಪರಿಷತ್ತಿಗೆ 30 ಆಗಿರಬೇಕು. ವಯಸ್ಸು ಇಪ್ಪತ್ತೆಂಟಾಗಿದ್ದರೆ ಆಯ್ಕೆ ತಾನಾಗಿಯೇ ಮುಗಿಯಿತು, ಅಲ್ವಾ?

ವಿಧಾನಸಭೆಯಲ್ಲಿ 224 ಕ್ಷೇತ್ರ, ಅವಧಿ 5 ವರ್ಷ. ಆದರೆ ಸಭೆ ನಡುವೆಯೇ ವಿಸರ್ಜನೆಯಾದರೆ ಮತ್ತೆ ಜನರ ಮುಂದೆ ಕೈಮುಗಿದು ನಿಲ್ಲಬೇಕು. ಬೆಳಿಗ್ಗೆ ಎದ್ದರೆ ಮನೆ ಬಾಗಿಲಲ್ಲಿ ಜನ: ಚರಂಡಿ, ವರ್ಗಾವಣೆ, ಪಿಂಚಣಿ, ಮಗಳ ಮದುವೆ. ಕಾನೂನು ಮಾಡುವ ಕೆಲಸಕ್ಕಿಂತ ಇದೇ ಜಾಸ್ತಿ. ಆದರೂ ನಿಜವಾದ ಹಿಡಿತ ಇರುವುದು ಇಲ್ಲೇ. ಸರ್ಕಾರ ಉಳಿಯುವುದು, ಬೀಳುವುದು ಇಲ್ಲಿನ ಬಹುಮತದ ಮೇಲೆ. ರಾಜ್ಯಸಭೆ, ರಾಷ್ಟ್ರಪತಿ ಚುನಾವಣೆಗಳಲ್ಲಿ ಮತ ಹಾಕುವವರೂ ಇವರೇ.

ಪರಿಷತ್ತಿನಲ್ಲಿ 75 ಸ್ಥಾನ, ಅವಧಿ 6 ವರ್ಷ, ವಿಸರ್ಜನೆಯ ಭಯವಿಲ್ಲ. ವಿಧಾನಸಭೆಯಿಂದ 25, ಸ್ಥಳೀಯ ಸಂಸ್ಥೆಗಳಿಂದ 25, ಪದವೀಧರರಿಂದ 7, ಶಿಕ್ಷಕರಿಂದ 7, ನಾಮಕರಣ 11. ತಮಾಷೆ ಎಂದರೆ, ಶಿಕ್ಷಕರ ಕ್ಷೇತ್ರಕ್ಕೆ ನಿಲ್ಲುವವರು ಶಿಕ್ಷಕರೇ ಆಗಿರಬೇಕಿಲ್ಲ. ಹಣಕಾಸು ಮಸೂದೆಯನ್ನು ಇಲ್ಲಿ 14 ದಿನಕ್ಕಿಂತ ಹೆಚ್ಚು ತಡೆಯಲು ಆಗುವುದಿಲ್ಲ. ಮಂತ್ರಿಯಾಗಲು ಮಾತ್ರ ಅಡ್ಡಿಯಿಲ್ಲ.

ಊರೂರು ಅಲೆಯುವ ಶಕ್ತಿ, ಬೈಸಿಕೊಳ್ಳುವ ತಾಳ್ಮೆ ಇದ್ದರೆ ವಿಧಾನಸಭೆಯೇ ಸರಿ. ಕೂತು ಮಸೂದೆ ಓದುವ ಆಸೆ ಇದ್ದರೆ ಪರಿಷತ್ತು. ಅದರಲ್ಲೂ ಪದವೀಧರರ ಕ್ಷೇತ್ರ ನೋಡಿ. ಅಲ್ಲಿ ಮತದಾರರ ಪಟ್ಟಿ ಪ್ರತಿ ಚುನಾವಣೆಗೂ ಹೊಸದಾಗಿ ತಯಾರಾಗುತ್ತದೆ. ಹೆಸರು ನೋಂದಾಯಿಸುವ ಓಡಾಟವನ್ನು ಮೊದಲೇ ಶುರುಮಾಡಬೇಕು.