ಆರು ವರ್ಷ ಬಳಸಿದ ಮೇಲೆ: ಪ್ರತಿ ಡೈವ್‌ಗೂ ನನ್ನ ಜೊತೆ ನೀರಿಗಿಳಿಯುವ ಸಾಮಾನು

ನನ್ನ ಮೊದಲ ಸ್ಕೂಬಾ ಡೈವ್ ಆಗಿದ್ದು ನೇತ್ರಾಣಿಯಲ್ಲಿ. ಮುರುಡೇಶ್ವರದಿಂದ ಬೋಟ್‌ನಲ್ಲಿ ಒಂದೂವರೆ ಗಂಟೆ ದಾರಿ. ಆಮೇಲೆ ಅಂಡಮಾನಿನ ಹ್ಯಾವ್‌ಲಾಕ್‌ಗೂ ಮೂರು ಸಲ ಹೋಗಿ ಬಂದೆ. ಈ ಆರು ವರ್ಷದಲ್ಲಿ ಕೊಂಡ ಸಾಮಾನಿನಲ್ಲಿ ಅರ್ಧ ಈಗ ಮನೆಯ ಕಪಾಟಿನಲ್ಲಿದೆ. ಜೇಬಿನಲ್ಲೇ ಉಳಿದವುಗಳ ಬಗ್ಗೆ ಇಲ್ಲಿ ಬರೆಯುತ್ತೇನೆ.

ಒಂದನ್ನೇ ಕೊಳ್ಳುವುದಾದರೆ ಎಸ್‌ಎಂಬಿ ಕೊಳ್ಳಿ. ಗಾಳಿ ತುಂಬಿದರೆ ನೀರಿನ ಮೇಲೆ ಕಂಬದ ಹಾಗೆ ನಿಲ್ಲುವ ಕಿತ್ತಳೆ ಬಣ್ಣದ ಉದ್ದ ಚೀಲ ಅದು. ಗೈಡ್ ಹತ್ತಿರ ಇರುತ್ತಲ್ಲ ಅಂತ ನಾನೂ ಎರಡು ವರ್ಷ ಸುಮ್ಮನಿದ್ದೆ. ಮೂರನೇ ವರ್ಷ ನೇತ್ರಾಣಿಯಲ್ಲಿ ನೀರಿನ ಸೆಳೆತ ಜಾಸ್ತಿಯಾಗಿ ನಾನು, ನನ್ನ ಜೊತೆಗಾರ ಇಬ್ಬರೂ ಗುಂಪಿನಿಂದ ತಪ್ಪಿಹೋದೆವು. ಒಂದು ನಿಮಿಷ ಹುಡುಕಿ, ನಿಧಾನಕ್ಕೆ ಮೇಲೆ ಬಂದೆವು. ಬೋಟ್ ದೂರದಲ್ಲಿತ್ತು. ಅಲೆ ಏರಿದಾಗ ಕಾಣುತ್ತದೆ, ಇಳಿದಾಗ ಮಾಯ. ಕೈ ಬೀಸಿದೆವು, ಕೂಗಿದೆವು, ಏನೂ ಆಗಲಿಲ್ಲ. ಜೊತೆಗಾರ ತನ್ನ ಎಸ್‌ಎಂಬಿ ಊದಿ ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ಬೋಟ್ ನಮ್ಮ ಕಡೆ ತಿರುಗಿತು. "ನಿಮ್ಮ ತಲೆ ಎಲ್ಲಿ ಕಾಣ್ತದೆ ಮಾರಾಯ್ರೆ, ಆ ಕೆಂಪು ಕೋಲು ಕಂಡಿತು" ಅಂದರು ಬೋಟಿನವರು. ಊರಿಗೆ ಬಂದ ವಾರದಲ್ಲೇ ನಾನೂ ಒಂದು ತರಿಸಿದೆ.

ಮೊದಲು ಕೊಂಡಿದ್ದು ತಳ ತೆರೆದಿರುವ ಅಗ್ಗದ ಚೀಲ. ಮೇಲೆ ಹೋಗಿ ಅಡ್ಡ ಬಿದ್ದರೆ ಗಾಳಿಯೆಲ್ಲ ಸೋರಿಹೋಗುತ್ತಿತ್ತು. ಹಾಗಾಗಿ ತಳ ಮುಚ್ಚಿರುವುದನ್ನೇ ನೋಡಿ. ಬಾಯಿಂದ ಊದಲು ವಾಲ್ವ್ ಇರಬೇಕು, ಹೆಚ್ಚಾದ ಗಾಳಿ ಹೊರಬಿಡಲು ಇನ್ನೊಂದಿರಬೇಕು. ಎತ್ತರ 1.8 ಮೀಟರ್ ಆದರೆ ಒಳ್ಳೆಯದು. ಜೊತೆಗೆ 30 ಮೀಟರ್ ದಾರದ ಸ್ಪೂಲ್. ನೀರಿನೊಳಗಿಂದಲೇ ಊದಿ ಮೇಲಕ್ಕೆ ಬಿಡುವಾಗ ಪೂರ್ತಿ ಊದಲು ಹೋಗಬೇಡಿ. 10 ಮೀಟರ್ ಆಳದಲ್ಲಿ ಅರ್ಧ ತುಂಬಿದರೆ ಮೇಲೆ ಹೋಗುವಷ್ಟರಲ್ಲಿ ಪೂರ್ತಿ ಉಬ್ಬಿರುತ್ತದೆ, ಯಾಕೆಂದರೆ ಅಲ್ಲಿನ ಒತ್ತಡ ಮೇಲಿನ ಎರಡರಷ್ಟು. ಬಿಡುವ ಮೊದಲು ತಲೆ ಎತ್ತಿ ನೋಡಿ, ಮೇಲೆ ಯಾರೂ ಇರಬಾರದು. ಆ ಹೊತ್ತಿನಲ್ಲಿ ಸ್ಪೂಲ್ ನಿಮ್ಮ ಬಿಸಿಡಿಗೆ (ಗಾಳಿ ತುಂಬಿ, ಬಿಟ್ಟು ತೇಲುವುದನ್ನು ಹೊಂದಿಸಿಕೊಳ್ಳುವ ಜಾಕೆಟ್) ಸಿಕ್ಕಿಸಿರಲೇಬಾರದು. ದಾರ ಗಂಟು ಬಿದ್ದರೆ ಚೀಲ ನಿಮ್ಮನ್ನೂ ಎಳೆದುಕೊಂಡು ಮೇಲೆ ಹೋಗುತ್ತದೆ. ಮೊದಲು ಸ್ವಿಮ್ಮಿಂಗ್ ಪೂಲ್‌ನಲ್ಲಿ ಹತ್ತು ಸಲ ಅಭ್ಯಾಸ ಮಾಡಿ.

ಎರಡನೆಯದು ಲೈನ್ ಕಟರ್. ಕಾಲಿಗೆ ಕಟ್ಟುವ ದೊಡ್ಡ ಚಾಕು ಮೊದಲು ತಗೊಂಡಿದ್ದೆ. ತುಕ್ಕು ಹಿಡಿಯಿತು, ಬೇಕಾದಾಗ ಕೈಗೂ ಸಿಗಲಿಲ್ಲ. ಬೇಕಾಗಿದ್ದು ಹೇಗೆ ಅಂದರೆ, ಬಂಡೆಯ ಪಕ್ಕ ಹೋಗುವಾಗ ಯಾರೋ ಹಿಂದಿನಿಂದ ಹಿಡಿದ ಹಾಗಾಯಿತು. ಗಾಳದ ದಾರ. ಸಿಲಿಂಡರ್‌ನ ವಾಲ್ವ್‌ಗೆ ಸುತ್ತಿಕೊಂಡಿತ್ತು. ನೀರಿನಲ್ಲಿ ಅದು ಕಣ್ಣಿಗೆ ಕಾಣುವುದೇ ಇಲ್ಲ. ತಿರುಗಿದಷ್ಟೂ ಬಿಗಿಯಾಗುತ್ತದೆ. ಅಲ್ಲಾಡದೆ ನಿಂತೆ. ಜೊತೆಗಾರ ಬಂದು ಅಂಗೈಗಿಂತ ಚಿಕ್ಕದೊಂದು ಕಟರ್‌ನಿಂದ ಟಕ್ ಅಂತ ಕತ್ತರಿಸಿದ. ಈಗ ನನ್ನದು ಎದೆಯ ಪಟ್ಟಿಯ ಮೇಲಿದೆ, ಎರಡೂ ಕೈಗೆ ಎಟಕುವ ಜಾಗದಲ್ಲಿ.

ಟಾರ್ಚ್ ಹಗಲಲ್ಲೂ ಬೇಕು. ಆಳಕ್ಕೆ ಹೋದ ಹಾಗೆ ಮೊದಲು ಮಾಯವಾಗುವುದು ಕೆಂಪು ಬಣ್ಣ. ಬೂದು ಅಂದುಕೊಂಡ ಹವಳದ ಮೇಲೆ ಬೆಳಕು ಬಿಟ್ಟು ನೋಡಿ, ಗೊತ್ತಾಗುತ್ತದೆ. ನನ್ನ ಮೊದಲ ಟಾರ್ಚ್ ಹಾಳಾಗಿದ್ದು ಒಂದು ಕೂದಲಿನಿಂದ. ನೀರು ಒಳಗೆ ಬಾರದಂತೆ ತಡೆಯುವ ರಬ್ಬರ್ ಬಳೆ, ಅಂದರೆ ಓ-ರಿಂಗ್ ಮೇಲೆ ಅದು ಕೂತಿತ್ತು, ಅಷ್ಟು ಸಂದಿಯಲ್ಲೇ ನೀರು ನುಗ್ಗಿತು. ಬ್ಯಾಟರಿ ಹಾಕುವಾಗ ಪ್ರತಿ ಸಲವೂ ರಿಂಗ್ ಒರೆಸಿ, ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿ. ಅಂಡಮಾನಿಗೆ ವಿಮಾನದಲ್ಲಿ ಹೋಗುವವರು ಬಿಡಿ ಲಿಥಿಯಂ ಬ್ಯಾಟರಿಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. ಕಟರ್ ಮಾತ್ರ ಚೆಕ್-ಇನ್ ಬ್ಯಾಗಿಗೆ.

ಸೀಟಿ ಬಿಸಿಡಿಗೆ ಕಟ್ಟಿರಲಿ. ಎಂಜಿನ್ ಸದ್ದಿನಲ್ಲಿ ಬೋಟಿನವರಿಗೆ ಅದು ಕೇಳುವುದು ಕಷ್ಟ, ಹತ್ತಿರ ಈಜುತ್ತಿರುವವರಿಗೆ ಕೇಳುತ್ತದೆ. ಬಿಸಿಲಿದ್ದರೆ ಹಳೆಯ ಸಿಡಿಯೊಂದು ಕನ್ನಡಿಯಾಗಿ ಚೆನ್ನಾಗಿ ಮಿನುಗುತ್ತದೆ, ಖರ್ಚೇ ಇಲ್ಲ. ಆಳ, ಸಮಯದ ಲೆಕ್ಕ ಇಡುವ ಡೈವ್ ಕಂಪ್ಯೂಟರ್ ಬಾಡಿಗೆಗೂ ಸಿಗುತ್ತದೆ, ಆದರೆ ಸ್ವಂತದ್ದಿದ್ದರೆ ನಿಮ್ಮ ಹಿಂದಿನ ಡೈವ್‌ಗಳ ಲೆಕ್ಕ ಅದರಲ್ಲೇ ಇರುತ್ತದೆ. ನನ್ನದು ಒಂದೇ ಬಟನ್‌ನ ಕ್ರೆಸ್ಸಿ ಲಿಯೊನಾರ್ಡೊ. ಬ್ಯಾಟರಿ ನಾನೇ ಬದಲಾಯಿಸಿಕೊಳ್ಳುತ್ತೇನೆ, ಇಲ್ಲಿಯವರೆಗೆ ತೊಂದರೆ ಕೊಟ್ಟಿಲ್ಲ.

ನೀರಿಗೆ ಇಳಿಯದಿದ್ದರೂ ಬೋಟಿನಲ್ಲಿ ಇರಬೇಕಾದ್ದು ಒಂದು ಪುಟ್ಟ ಡಬ್ಬಿ: ಸಿಲಿಂಡರ್‌ನ ಓ-ರಿಂಗ್, ಮಾಸ್ಕ್ ಪಟ್ಟಿ, ಫಿನ್ ಪಟ್ಟಿ, ನಾಲ್ಕು ಜಿಪ್ ಟೈ. ವಾಲ್ವ್ ತೆರೆದಾಗ ಸುಯ್ ಅಂತ ಗಾಳಿ ಸೋರಿ, ಅಷ್ಟು ದೂರ ಬಂದವರು ಡೈವ್ ಇಲ್ಲದೆ ಕೂರುವುದನ್ನು ನೋಡಿದ್ದೇನೆ. ತುಂಬಾ ಬೇಜಾರಾಗುತ್ತದೆ.

ಡೈವ್ ಮುಗಿದ ದಿನವೇ ಎಲ್ಲವನ್ನೂ ಸಿಹಿನೀರಿನ ಬಕೆಟ್‌ನಲ್ಲಿ ನೆನೆಹಾಕಿ ನೆರಳಲ್ಲಿ ಒಣಗಿಸುತ್ತೇನೆ. ಮಳೆಗಾಲದಲ್ಲಿ ನೇತ್ರಾಣಿಗೆ ಬೋಟ್ ಹೋಗುವುದಿಲ್ಲ. ಆಗ ಎಸ್‌ಎಂಬಿಯನ್ನು ಊದಿ ರಾತ್ರಿಯಿಡೀ ಹಾಲ್‌ನಲ್ಲಿ ನಿಲ್ಲಿಸಿಡುತ್ತೇನೆ. ಈ ಸಲ ಬೆಳಗ್ಗೆ ಎದ್ದು ನೋಡಿದರೆ ಮೆತ್ತಗಾಗಿ ಗೋಡೆಗೆ ಒರಗಿತ್ತು. ನಾಲ್ಕು ವರ್ಷ ಬಾಳಿದ ಹೊಲಿಗೆ ಬಿಟ್ಟಿದೆ. ಹೊಸದಕ್ಕೆ ಹೇಳಿದ್ದೇನೆ, ಅದೇ ಅಳತೆ, ಅದೇ ಕಿತ್ತಳೆ ಬಣ್ಣ.