ಕಾಲೇಜಿಗೆ ಹೋಗದೆ ಬಿ.ಎಡ್ ಮಾಡಿಸ್ತೀವಿ ಅಂದರೆ ದುಡ್ಡು ಕಟ್ಟಬೇಡಿ

ಮೊನ್ನೆ ನಮ್ಮ ಡಿಗ್ರಿ ಗೆಳತಿಯರ ವಾಟ್ಸಾಪ್ ಗ್ರೂಪಿಗೆ ಮತ್ತೆ ಅದೇ ಪೋಸ್ಟರ್ ಬಂತು. ‘ಕ್ಲಾಸಿಗೆ ಬರಬೇಕಿಲ್ಲ, ಪರೀಕ್ಷೆ ಬರೆದರೆ ಸಾಕು, ಬಿ.ಎಡ್ ಗ್ಯಾರಂಟಿ.’ 2017ರಲ್ಲಿ ನಾನು ನಂಬಿದ್ದು ಇದೇ ಮಾತನ್ನು. ಅದನ್ನು ಫಾರ್ವರ್ಡ್ ಮಾಡಿದ ಹುಡುಗಿಗೆ ಅದರಲ್ಲಿ ಏನಿದೆ ಅಂತ ಗೊತ್ತಿಲ್ಲ, ಪಾಪ. ಅದಕ್ಕೇ ಬರೆಯುತ್ತಿದ್ದೇನೆ.

ಆಗ ಬಿ.ಎಸ್ಸಿ ಮುಗಿಸಿ ಹಾವೇರಿ ಕಡೆ ಒಂದು ಖಾಸಗಿ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಸಂಬಳ 7 ಸಾವಿರ. ಬಿ.ಎಡ್‌ಗೆ ಅಂತ ಎರಡು ವರ್ಷ ಕೆಲಸ ಬಿಟ್ಟರೆ ಮನೆ ನಡೆಯುತ್ತಿರಲಿಲ್ಲ. ಏಜೆಂಟ್ ಹೇಳಿದರು: ‘ಮೇಡಂ, ನೀವು ಕೆಲಸ ಬಿಡೋದೇ ಬೇಡ. ಬೇರೆ ರಾಜ್ಯದ ಕಾಲೇಜು. ವರ್ಷಕ್ಕೊಂದ್ಸಲ ಹೋಗಿ ಪರೀಕ್ಷೆ ಬರೆದು ಬಂದ್ರಾಯ್ತು. ರೆಕಾರ್ಡ್ ನಾವೇ ಬರೆಸ್ತೀವಿ.’ ಅಮ್ಮನ ಎರಡೆಳೆ ಸರ ಸೊಸೈಟಿಯಲ್ಲಿ ಅಡ ಇಟ್ಟು 1 ಲಕ್ಷದ 10 ಸಾವಿರ ಕಟ್ಟಿದೆ. ರಸೀದಿ ಕಾಲೇಜಿನದ್ದಾಗಿರಲಿಲ್ಲ, ಅವರ ಆಫೀಸಿನದ್ದು. ಅಲ್ಲೇ ಎಚ್ಚೆತ್ತುಕೊಳ್ಳಬೇಕಿತ್ತು.

ಏನೂ ವಿಚಾರಿಸಲಿಲ್ಲ ಅಂತಲ್ಲ. ವಿಶ್ವವಿದ್ಯಾಲಯ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಪಟ್ಟಿಯಲ್ಲಿ ಇದೆಯಾ ನೋಡಿದೆ. ಇತ್ತು. ನಾನು ಎಡವಿದ್ದು ಇಲ್ಲೇ. ಬಿ.ಎಡ್‌ಗೆ ಯುಜಿಸಿ ಒಂದೇ ಸಾಲದು. ಆ ಕಾಲೇಜಿನ ಆ ಕೋರ್ಸಿಗೆ ಎನ್‌ಸಿಟಿಇ, ಅಂದರೆ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು, ಮಾನ್ಯತೆ ಕೊಟ್ಟಿರಬೇಕು. ಅದು ನನಗೆ ಆಗ ಗೊತ್ತೇ ಇರಲಿಲ್ಲ.

2019ರಲ್ಲಿ ಮಾರ್ಕ್ಸ್ ಕಾರ್ಡ್ ಕೊರಿಯರ್‌ನಲ್ಲಿ ಬಂತು. ಫಸ್ಟ್ ಕ್ಲಾಸ್. 2021ರಲ್ಲಿ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆಯ, ಎರಡನೇ ಪತ್ರಿಕೆಯೂ ಪಾಸಾಯಿತು. ಸಾಮಾನ್ಯ ವರ್ಗಕ್ಕೆ 150ಕ್ಕೆ 90 ಬೇಕು, ನನಗೆ 97 ಬಂತು. ಮನೆಯಲ್ಲಿ ಹೋಳಿಗೆ ಮಾಡಿದ್ದರು. ಟಿಇಟಿ ಪಾಸಾಯಿತು ಅಂದ ಮೇಲೆ ಬಿ.ಎಡ್ ಸರಿ ಇದೆ ಅಂತಲೇ ಅಲ್ವಾ ಅಂದುಕೊಂಡೆ. ಹಾಗಲ್ಲ. ಟಿಇಟಿಗೆ ಅರ್ಜಿ ಹಾಕುವಾಗ ನಾವು ತುಂಬಿದ್ದನ್ನು ನಂಬಿ ಪರೀಕ್ಷೆಗೆ ಕೂರಿಸುತ್ತಾರೆ. ಸರ್ಟಿಫಿಕೇಟ್ ಹಿಡಿದು ಒಂದೊಂದಾಗಿ ನೋಡುವುದು ನೇಮಕಾತಿಯ ಹೊತ್ತಿಗೆ.

ಆ ಹೊತ್ತು 2022ರಲ್ಲಿ ಬಂತು. 6ರಿಂದ 8ನೇ ತರಗತಿಗೆ 15,000 ಪದವೀಧರ ಶಿಕ್ಷಕರ ನೇಮಕಾತಿ. ಪರೀಕ್ಷೆ ಬರೆದೆ, ದಾಖಲೆ ಪರಿಶೀಲನೆಗೆ ಕರೆ ಬಂತು. ಟೇಬಲ್ ಆಚೆ ಕೂತಿದ್ದವರು ಸಮಾಧಾನದಿಂದಲೇ ಕೇಳಿದರು: ‘ಇಂಟರ್ನ್‌ಶಿಪ್ ಎಲ್ಲಿ ಮಾಡಿದ್ರಮ್ಮಾ?’ ಸರ್ಟಿಫಿಕೇಟಿನಲ್ಲಿ ಒಂದು ಶಾಲೆಯ ಹೆಸರಿತ್ತು. ಹಿಂದಿಯಲ್ಲಿ. ನನಗೆ ಅದನ್ನು ಸರಿಯಾಗಿ ಓದಲೂ ಬರಲಿಲ್ಲ. ಆಮೇಲೆ ಅವರು ಕಾಲೇಜಿನ ಎನ್‌ಸಿಟಿಇ ಮಾನ್ಯತೆ ಪತ್ರ ಕೇಳಿದರು. ಏಜೆಂಟಿಗೆ ಹನ್ನೊಂದು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ನಾನು ಓದಿದ ವರ್ಷ ಆ ಕಾಲೇಜಿಗೆ ಮಾನ್ಯತೆಯೇ ಇರಲಿಲ್ಲ ಅಂತ ಆಮೇಲೆ ತಿಳಿಯಿತು. ಹೊರಗೆ ಮರದ ಕೆಳಗೆ ಅಪ್ಪ ಕಾಯುತ್ತಿದ್ದರು. ಅವರಿಗೆ ಹೇಳಿದ್ದೇ ಎಲ್ಲಕ್ಕಿಂತ ಕಷ್ಟವಾಯಿತು.

ಈಗ ಸೀಟು ಹುಡುಕುತ್ತಿರುವವರು ದಯವಿಟ್ಟು ಇಷ್ಟು ನೋಡಿ. ಎನ್‌ಸಿಟಿಇ ವೆಬ್‌ಸೈಟಿನಲ್ಲಿ ಮಾನ್ಯತೆ ಪಡೆದ ಕಾಲೇಜುಗಳ ಪಟ್ಟಿ ಇದೆ. ಅದರಲ್ಲಿ ಕಾಲೇಜಿನ ಹೆಸರು ಸಿಕ್ಕರೆ ಸಾಲದು. ಬಿ.ಎಡ್‌ಗೇ ಮಾನ್ಯತೆ ಇದೆಯಾ, ಎಷ್ಟು ಸೀಟಿಗೆ, ನೀವು ಸೇರುವ ವರ್ಷಕ್ಕೆ ಅದು ರದ್ದಾಗಿದೆಯಾ, ಎಲ್ಲ ನೋಡಿ. 2014ರ ನಿಯಮದ ಪ್ರಕಾರ ಬಿ.ಎಡ್ ಎರಡು ವರ್ಷದ್ದು. ತರಗತಿಗೆ ಶೇ 80, ಇಂಟರ್ನ್‌ಶಿಪ್‌ಗೆ ಶೇ 90 ಹಾಜರಿ ಬೇಕು. ಶಾಲೆಯಲ್ಲಿ ಒಟ್ಟು 20 ವಾರ ಕಳೆಯಬೇಕು. ಹೀಗಿರುವಾಗ ‘ಹೋಗೋದೇ ಬೇಡ’ ಅನ್ನುವ ಬಿ.ಎಡ್ ಹೇಗೆ ಸರಿಯಾಗುತ್ತೆ ಹೇಳಿ. ದೂರಶಿಕ್ಷಣದ ಬಿ.ಎಡ್ ಇದೆ, ಆದರೆ ಅದು ಈಗಾಗಲೇ ತರಬೇತಿ ಆದವರಿಗೆ, ನನ್ನಂಥ ಹೊಸಬರಿಗಲ್ಲ.

‘ಒಂದು ಬಿ.ಎಡ್ ಮಾಡಿದ್ರೆ ಒಂದನೇ ಕ್ಲಾಸಿಂದ ಹತ್ತರವರೆಗೂ ಆಗುತ್ತೆ’ ಅನ್ನುವುದನ್ನೂ ನಂಬಬೇಡಿ. 1ರಿಂದ 5ನೇ ತರಗತಿಗೆ ಡಿ.ಎಲ್.ಎಡ್, ಅಂದರೆ ಪ್ರಾಥಮಿಕ ಶಿಕ್ಷಕರ ಡಿಪ್ಲೊಮಾ, ಬೇಕು. ಬಿ.ಎಡ್ ನಡೆಯುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ಹೇಳಿದೆ.

ಇನ್ನೊಂದು. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಏಜೆಂಟ್ ಕೈಗೆ ಕೊಡಲೇಬೇಡಿ. ನನ್ನ ಡಿಗ್ರಿ ಒರಿಜಿನಲ್‌ಗಳು ‘ಕಾಲೇಜಿನಲ್ಲಿವೆ’ ಅಂತ ವರ್ಷಗಟ್ಟಲೆ ಅವರ ಹತ್ತಿರವೇ ಇದ್ದವು. ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ ಅಂದ ಮೇಲೆ 2023ರಲ್ಲಿ ಒಂದು ಕವರ್ ಬಂತು. ಪಿಯುಸಿ ಕಾರ್ಡನ್ನು ನಾಲ್ಕು ಮಡಿಕೆ ಮಾಡಿ ತುರುಕಿದ್ದರು. ಮಡಿಕೆಯ ಜಾಗದಲ್ಲಿ ನನ್ನ ಹೆಸರು ಹರಿದಿದೆ. ದುಡ್ಡು ಬರಲೇ ಇಲ್ಲ.

2024ರಲ್ಲಿ ಮತ್ತೆ ಬಿ.ಎಡ್‌ಗೆ, ಈ ಸಲ ಶಾಲಾ ಶಿಕ್ಷಣ ಇಲಾಖೆಯ ಕೇಂದ್ರೀಕೃತ ದಾಖಲಾತಿಯಲ್ಲಿ, ಅರ್ಜಿ ಹಾಕಿದೆ. ಡಿಗ್ರಿ ಅಂಕದ ಮೇಲೆ ಸೀಟು ಸಿಕ್ಕಿತು, ಯಾರಿಗೂ ಕಮಿಷನ್ ಕೊಡಲಿಲ್ಲ. 2017ರಲ್ಲೂ ಈ ದಾರಿ ಇತ್ತು.

ಇಂಟರ್ನ್‌ಶಿಪ್‌ಗೆ ಒಂದು ಸರ್ಕಾರಿ ಹೈಸ್ಕೂಲಿಗೆ ಹಾಕಿದರು. ಎಂಟನೇ ತರಗತಿಯಲ್ಲಿ ಒಬ್ಬ ಹುಡುಗ ಎದ್ದು ಕೇಳಿದ: ‘ಟೀಚರ್, ಮೈನಸ್ಸಿಗೆ ಮೈನಸ್ ಗುಣಿಸಿದ್ರ ಪ್ಲಸ್ ಹೆಂಗಾಗ್ತದ್ರಿ?’ ವರ್ಷಗಳಿಂದ ‘ಅದು ನಿಯಮ, ಬರ್ಕೊಳ್ಳಿ’ ಅಂತಲೇ ಹೇಳುತ್ತಾ ಬಂದವಳು ನಾನು. ಹಿಂದಿನ ಬೆಂಚಿನಲ್ಲಿ ನಮ್ಮ ಮೇಡಂ ನೋಟ್ಸ್ ಬರೆಯುತ್ತಾ ಕೂತಿದ್ದರು. ಕ್ಲಾಸ್ ಮುಗಿದ ಮೇಲೆ ಇಬ್ಬರೂ ಕೂತು ಆ ಪಾಠವನ್ನು ಮತ್ತೆ ಕಟ್ಟಿದೆವು: 3 ಸಲ ಮೈನಸ್ 2, 2 ಸಲ ಮೈನಸ್ 2, 1 ಸಲ, 0 ಸಲ, ಉತ್ತರ ಎರಡೆರಡು ಏರುತ್ತಾ ಹೋಗುತ್ತೆ, ಮುಂದಿನದು ಏನಾಗಬೇಕು ಅಂತ ಮಕ್ಕಳ ಬಾಯಲ್ಲೇ ಹೇಳಿಸುವುದು. ಮರುದಿನ ಆ ಹುಡುಗನೇ ಬೋರ್ಡಿಗೆ ಬಂದು ಬರೆದ.